ಎರಡು ಬುರುಜುಗಳ ನಡುವಿನ ಬಯಲು

ಕೋಟೆಯ ಬಾಗಿಲಲ್ಲಿ ಗೈಡ್ ಎದುರು ಬಂದಾಗ ಗುಬ್ಬಿ ಬೇಡವೆಂದು ಕೈಯಾಡಿಸಿದಳು.

"ಈ ಕೋಟೆ ನನಗೆ ಅಂಗೈ ಗೆರೆ ಇದ್ದ ಹಾಗೆ ಕಣಪ್ಪ. ದಿನಾ ನೋಡ್ತೀನಿ."

"ದಿನಾ ನೋಡೋರು ಟಿಕೆಟ್ ಯಾಕೆ ತಗೊಂಡ್ರಿ ಮೇಡಂ?" ಎಂದು ನಕ್ಕು ಅವನು ಬೇರೆ ಗುಂಪಿನ ಕಡೆ ತಿರುಗಿದ.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗುಬ್ಬಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಕೆಲಸ ಮಾತ್ರ ಆನೆಯಂಥ ಹಡಗುಗಳ ಜೊತೆ. ಹೊರಸಮುದ್ರಕ್ಕೆ ಬಂದು ನಿಂತ ಹಡಗನ್ನು ಹತ್ತಿ, ಅದನ್ನು ಜೋಪಾನವಾಗಿ ಬಂದರಿನೊಳಗೆ ಕರೆತರುವ ಪೈಲಟ್ ಆಗಲು ಅವಳು ತರಬೇತಿ ಪಡೆಯುತ್ತಿದ್ದಳು. ಬಂದರಿಗೆ ಬರುವ ಆಳದ ದಾರಿ ಕಿರಿದು, ಎರಡೂ ಮಗ್ಗುಲಲ್ಲಿ ಮರಳದಿಬ್ಬ. ಆ ದಾರಿಯನ್ನು ತೋರಿಸುವುದು ಈ ಕೋಟೆಯೇ. ಮುಂದೆ ಒಂದು ಗಿಡ್ಡ ಬುರುಜು, ಹಿಂದೆ ಒಂದು ಎತ್ತರದ ಬುರುಜು. ಸಮುದ್ರದಿಂದ ನೋಡುವಾಗ ಒಂದರ ನೆತ್ತಿಯ ಮೇಲೆ ಇನ್ನೊಂದು ಕೂತಂತೆ ಕಂಡರೆ ಹಡಗು ದಾರಿಯ ನಟ್ಟನಡುವೆ ಇದೆ ಎಂದು ಅರ್ಥ. ಎರಡರ ನಡುವೆ ಆಕಾಶದ ಸೀಳೊಂದು ಇಣುಕಿತೋ, ಹಡಗು ಪಕ್ಕಕ್ಕೆ ಸರಿದಿದೆ.

ಆ ಸೀಳೇ ಅವಳಿಗೆ ಮುಳುವಾಗಿತ್ತು. ಹೋದ ಸಲದ ಪರೀಕ್ಷೆಯಲ್ಲಿ ಅದು ಕಂಡದ್ದೇ ತಡ, ಚುಕ್ಕಾಣಿಯನ್ನು ಜೋರಾಗಿ ತಿರುಗಿಸಲು ಹೇಳಿದ್ದಳು. ಹಡಗು ನಡುಗೆರೆಯನ್ನು ದಾಟಿ ಆಚೆ ಬದಿಗೆ ಹೋಯಿತು. ಮತ್ತೆ ತಿರುಗಿಸಿದಳು, ಈಚೆ ಬದಿಗೆ ಬಂತು. "ಹಡಗು ತಾರಮ್ಮ ಅಂದ್ರೆ ಹಾವು ಬಿಟ್ಟಿದೀಯಲ್ಲ!" ಎಂದು ಪರೀಕ್ಷೆಗೆ ಬಂದಿದ್ದ ಹಿರಿಯ ಪೈಲಟ್ ಅರ್ಧದಾರಿಯಲ್ಲಿ ತಾವೇ ಹಡಗನ್ನು ವಹಿಸಿಕೊಂಡಿದ್ದರು.

ನಾಳೆ ಎರಡನೆಯ ಪರೀಕ್ಷೆ, ಕೊನೆಯದೂ ಅದೇ. ತಪ್ಪಿದರೆ ಪೈಲಟ್ ಆಗುವ ಮಾತು ಅಲ್ಲಿಗೇ ಮುಗಿದು, ಬಂದರಿನ ಕಚೇರಿಯ ಒಂದು ಕುರ್ಚಿ ಗಟ್ಟಿಯಾಗುತ್ತಿತ್ತು. ಹಾಗೆಂದು ಗುಬ್ಬಿ ಕುಗ್ಗಿರಲಿಲ್ಲ. ತಪ್ಪು ಸಣ್ಣದು, ಎಲ್ಲಿದೆಯೆಂದು ಸಿಕ್ಕಿದರೆ ಉಳಿದದ್ದು ತನ್ನ ಕೈಯಲ್ಲಿದೆ ಎಂಬ ಧೈರ್ಯ ಅವಳಿಗಿತ್ತು. ಸಿಕ್ಕಿರಲಿಲ್ಲ, ಅಷ್ಟೆ.

ಅವಳನ್ನು ಇಲ್ಲಿಗೆ ಎಳೆದು ತಂದದ್ದು ಚಿಕ್ಕಮ್ಮ. ಆಕೆ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತಳಾದವಳು. "ಪರೀಕ್ಷೆ ಹಿಂದಿನ ದಿನ ಪುಸ್ತಕ ಹಿಡಿದವರು ಉದ್ಧಾರ ಆಗಿದ್ದನ್ನ ನಾನಂತೂ ನೋಡಿಲ್ಲ. ಏಳು, ಕೋಟೆ ತೋರಿಸು" ಎಂದು ಹಟ ಹಿಡಿದು ಹೊರಡಿಸಿದ್ದಳು.

ಬಾಗಿಲು ದಾಟಿದ ಮೇಲೆ ದಾರಿ ಎರಡಾಗಿ ಒಡೆಯಿತು. ಗುಬ್ಬಿ ಯೋಚಿಸದೆ ಎಡಕ್ಕೆ ನುಗ್ಗಿದಳು. ಆ ದಾರಿ ಹೋಗಿ ಮುಟ್ಟಿದ್ದು ಪೊರಕೆ, ಬಕೆಟ್ಟು, ತುಕ್ಕು ಹಿಡಿದ ಸೂಚನಾಫಲಕಗಳನ್ನು ಪೇರಿಸಿಟ್ಟ ಕತ್ತಲೆಕೋಣೆಗೆ. ಅದರಾಚೆ ಗೋಡೆ.

"ಇದೇನೇ ನಿನ್ನ ಅಂಗೈ ಗೆರೆ?" ಎಂದಳು ಚಿಕ್ಕಮ್ಮ.

"ಸಮುದ್ರದಿಂದ ನೋಡಿದ್ರೆ ಈ ಗೋಡೆ ಇಲ್ಲಿರಲ್ಲ ಚಿಕ್ಕಮ್ಮ."

"ಹೌದೌದು, ಆಗ ಅದು ನೆಂಟರ ಮನೆಗೆ ಹೋಗಿರುತ್ತೆ!"

ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿ ಬಲಗಡೆಯ ದಾರಿ ಹಿಡಿದರು. ಕಮಾನುಗಳ ಕೆಳಗೆ ಬಗ್ಗಿ, ಪಾಚಿಗಟ್ಟಿದ ಮೆಟ್ಟಿಲು ಹತ್ತಿ, ಕೊನೆಗೂ ಗಿಡ್ಡ ಬುರುಜಿನ ಬುಡಕ್ಕೆ ಬಂದರು. ಚಿಕ್ಕಮ್ಮ ಸೆರಗಿನಿಂದ ಗಾಳಿ ಹಾಕಿಕೊಂಡಳು.

"ಇನ್ನೊಂದು ಎಲ್ಲಿ?"

"ಇದರ ಬೆನ್ನಿಗೇ ಇದೆ. ನಾಲ್ಕು ಹೆಜ್ಜೆ, ಬಾ."

ಬುರುಜನ್ನು ಸುತ್ತಿ ಆಚೆ ಕಾಲಿಟ್ಟ ಗುಬ್ಬಿ ಅಲ್ಲೇ ನಿಂತಳು. ಎದುರಿಗೆ ದೊಡ್ಡ ಬಯಲು ಹರಡಿಕೊಂಡಿತ್ತು. ಬಿಸಿಲಿಗೆ ಒಣಗಿದ ಹುಲ್ಲು, ಮಧ್ಯೆ ಒಂದು ಕಾಲುದಾರಿ, ಅಲ್ಲಲ್ಲಿ ಫಿರಂಗಿಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವ ಸಂಸಾರಗಳು. ಕಾಲುದಾರಿಯ ತುದಿಯಲ್ಲಿ, ಬಿಸಿಗಾಳಿಗೆ ನಡುಗುತ್ತ, ಎತ್ತರದ ಬುರುಜು.

"ಇದಾ ನಾಲ್ಕು ಹೆಜ್ಜೆ? ಯಾರ ಕಾಲಲ್ಲೇ, ಒಂಟೆ ಕಾಲಲ್ಲಾ?" ಚಿಕ್ಕಮ್ಮ ನೆರಳಿದ್ದ ಕಲ್ಲನ್ನು ಹುಡುಕಿ ಕೂತೇ ಬಿಟ್ಟಳು. "ನಮ್ಮ ಶಾಲೆಯ ಆಟದ ಬಯಲು ಇದರಲ್ಲಿ ಮೂರು ಹಿಡಿಯುತ್ತೆ. ನಾನಂತೂ ಬರಲ್ಲ, ನೀನು ಹೋಗಿ ಬಾ."

ಗುಬ್ಬಿ ಒಬ್ಬಳೇ ನಡೆದಳು. ಬುರುಜುಗಳ ನಡುವಿನ ದೂರ ಅವಳಿಗೆ ತಿಳಿಯದ್ದೇನಲ್ಲ. ನಕ್ಷೆಯಲ್ಲಿ ಓದಿದ್ದಳು, ಲಿಖಿತ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕವನ್ನೂ ಗಿಟ್ಟಿಸಿದ್ದಳು. ಆದರೆ ದಿನವೂ ಒಂದರ ಮೇಲೊಂದು ಕೂತಂತೆ ಕಂಡ ಆ ಜೋಡಿಯನ್ನು ಅವಳ ಕಣ್ಣು, ಒಂದಕ್ಕೊಂದು ಅಂಟಿಕೊಂಡ ಅವಳಿಗಳೆಂದೇ ನಂಬಿಬಿಟ್ಟಿತ್ತು. ತಲೆಯಲ್ಲಿ ನಕ್ಷೆಯ ಅಂಕಿಯಿತ್ತು; ಆತುರದ ಹೊತ್ತಿನಲ್ಲಿ ನಾಲಿಗೆ ಕೇಳಿದ್ದು ಕಣ್ಣಿನ ಮಾತನ್ನು.

ಎತ್ತರದ ಬುರುಜಿನ ನೆತ್ತಿ ತಲುಪುವಷ್ಟರಲ್ಲಿ ಬೆವರು ಕಿತ್ತುಬಂದಿತ್ತು. ಹಿಂದಿರುಗಿ ನೋಡಿದರೆ ಚಿಕ್ಕಮ್ಮ ಬೆಂಕಿಕಡ್ಡಿಯಷ್ಟಾಗಿದ್ದಳು. ಕೈಬೀಸಿ ಏನೋ ಕೂಗುತ್ತಿದ್ದಳು. ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುತ್ತಿದ್ದ ಆ ಗಂಟಲು ಬಯಲನ್ನು ದಾಟಿ ಇಲ್ಲಿಗೆ ತಲುಪಲಿಲ್ಲ. ಅವಳಾಚೆ ಗಿಡ್ಡ ಬುರುಜು, ಅದರಾಚೆ ಸಮುದ್ರ. ನೇರ ಗೆರೆಯಲ್ಲಿ ಒಂದು ದೋಣಿ ಬರುತ್ತಿತ್ತು. ಅದು ಮೊದಲು ಗಿಡ್ಡ ಬುರುಜಿನ ನೆತ್ತಿಯ ಮೇಲೆಯೇ ಕೂತಂತೆ ಕಂಡು, ಆಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಯಿತು.

ಈಗ ಆ ದೋಣಿಯವನು ಇತ್ತ ನೋಡಿದರೆ ಅವನಿಗೆ ಸೀಳು ಕಾಣುತ್ತದೆ. ಆದರೆ ದೋಣಿ ಎಲ್ಲಿದೆ? ದಾರಿಯ ಅಂಚನ್ನು ತೋರಿಸಲು ತೇಲಿಬಿಟ್ಟ ಕೆಂಪು ಪೀಪಾಯಿ ಇನ್ನೂ ಎಲ್ಲೋ ದೂರದಲ್ಲಿ ಕುಣಿಯುತ್ತಿತ್ತು. ನಡುವೆ ಬೇಕಾದಷ್ಟು ನೀರು.

ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. ಎರಡು ಗುರುತುಗಳು ಹತ್ತಿರ ಹತ್ತಿರ ಇದ್ದರೆ, ಅವುಗಳ ನಡುವೆ ಬೆರಳಗಲದ ಸೀಳು ಕಾಣಿಸಬೇಕಾದರೆ ಹಡಗು ಬಹಳ ಸರಿದಿರಬೇಕು. ದೂರ ದೂರ ಇದ್ದರೆ ಚೂರು ಸರಿದರೂ ಸೀಳು ತೆರೆದುಕೊಳ್ಳುತ್ತದೆ. ಕೋಟೆ ಅವಳಿಗೆ ಮೆಲ್ಲಗೆ, ಬಹಳ ಮುಂಚೆಯೇ ಎಚ್ಚರಿಕೆ ಹೇಳುತ್ತಿತ್ತು. ಅವಳು ಅದನ್ನು ಬೊಬ್ಬೆಯೆಂದು ತಿಳಿದು ಹೌಹಾರಿದ್ದಳು.

ಕೆಳಗಿಳಿದು ಬಯಲು ದಾಟಿ ಬಂದಾಗ ಚಿಕ್ಕಮ್ಮ ಅವಳ ಮುಖವನ್ನೇ ನೋಡಿದಳು. "ಏನೇ, ಒಬ್ಬೊಬ್ಬಳೇ ನಗ್ತಾ ಬರ್ತಿದೀಯ? ಬಿಸಿಲು ನೆತ್ತಿಗೇರ್ತಾ?"

"ಇಷ್ಟು ದಿನ ನಾನು ಕಡ್ಡೀನ ಗುಡ್ಡ ಮಾಡ್ತಿದ್ದೆ ಚಿಕ್ಕಮ್ಮ."

"ಅದು ನಿಮ್ಮಪ್ಪನ ಕಡೆ ಗುಣ. ನಮ್ಮ ಕಡೇದಲ್ಲ."

ಮರುದಿನ ಬೆಳಿಗ್ಗೆ ಗುಬ್ಬಿ ಹಡಗಿನ ಮೇಲಂತಸ್ತಿನ ಕಿಟಕಿಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ಹಿರಿಯ ಪೈಲಟ್, ಅವರ ಕೈಯಲ್ಲಿ ಚಹಾ. ಅಡ್ಡಗಾಳಿ ಚೆನ್ನಾಗಿಯೇ ಬೀಸುತ್ತಿತ್ತು. ಎರಡು ಬುರುಜುಗಳೂ ಸೇರಿಕೊಂಡವು. ಹಡಗು ದಾರಿಗೆ ಬಂತು. ಸ್ವಲ್ಪ ದೂರ ಸಾಗುವಷ್ಟರಲ್ಲಿ ಎತ್ತರದ್ದು ಬಲಕ್ಕೆ ಜರುಗಿ, ಸೀಳು ಬಿಟ್ಟುಕೊಂಡಿತು.

"ಎಡಕ್ಕೆ ಐದು ಡಿಗ್ರಿ" ಎಂದಳು. ಚುಕ್ಕಾಣಿ ಹಿಡಿದವನು ಮಾತನ್ನು ಮರಳಿ ಹೇಳಿ ತಿರುಗಿಸಿದ.

ಸೀಳು ಮುಚ್ಚಲಿಲ್ಲ. ಹಿರಿಯರು ಚಹಾ ಹೀರುವುದನ್ನು ನಿಲ್ಲಿಸಿದರು. ಹಳೆಯ ಆತುರ ಗಂಟಲಿನವರೆಗೆ ಬಂದು, ಇನ್ನಷ್ಟು ತಿರುಗಿಸೆಂದು ಒತ್ತಾಯಿಸಿತು. ಹಡಗು ಭಾರದ್ದು, ಹೇಳಿದ ಮಾತು ಅದರ ಮೈಗೆ ಇಳಿಯಲು ಹೊತ್ತು ಬೇಕು ಎಂದುಕೊಂಡು ಗುಬ್ಬಿ ಬಾಯಿ ಬಿಗಿಹಿಡಿದಳು. ನೀರು ಬೇಕಾದಷ್ಟಿತ್ತು. ಸೀಳು ದಾರದಷ್ಟು ಸಣ್ಣಗಾಗುತ್ತ ಬಂದಾಗ ಚುಕ್ಕಾಣಿ ನೇರ ಮಾಡಿಸಿದಳು. ಗಾಳಿಗೆ ಎದುರಾಗಿ ಮೂತಿಯನ್ನು ತುಸುವೇ ಓರೆ ಹಿಡಿಸಿದಳು. ಬುರುಜುಗಳು ಒಂದಾದವು, ಒಂದಾಗಿಯೇ ಉಳಿದವು.

ಮರಳದಿಬ್ಬಗಳು ಹಿಂದೆ ಬಿದ್ದ ಮೇಲೆ ಹಿರಿಯರು ಕಿಟಕಿಯಿಂದ ಸರಿದು ಕುರ್ಚಿಯಲ್ಲಿ ಕಾಲು ಚಾಚಿ ಕೂತರು.

"ಮಧ್ಯಾಹ್ನ ಇನ್ನೊಂದು ಹಡಗಿದೆ. ನನಗೆ ಹಲ್ಲು ಕೀಳಿಸ್ಕೊಳ್ಳೋದಿದೆ. ನೀನೇ ತಂದುಬಿಡಮ್ಮ."

"ನೀವು ಜೊತೆಗೆ ಬರಲ್ವಾ ಸಾರ್?"

"ಹಲ್ಲು ಕೀಳೋವಾಗ ನೀನು ಜೊತೆಗೆ ಬರ್ತೀಯಾ?"

ಗುಬ್ಬಿ ನಗಲಿಲ್ಲ, ಅವಳ ಗಮನವೆಲ್ಲ ಬಂದರಿನ ಕಟ್ಟೆಯ ಮೇಲಿತ್ತು. "ಎಷ್ಟು ಉದ್ದದ್ದು ಸಾರ್, ಆ ಹಡಗು?" ಎಂದು ಕೇಳಿದಳು.