ಕಣ್ಣಿಗೆ ಯಾರು ಅರಿಸಿನ ಹಚ್ಚುತ್ತಾರೆ?

ಅರಸೀಕೆರೆ ಸೀಮೆಯಲ್ಲಿ ಮೈ ಕಡಿತ ಅಂದರೆ ಸಾಕು, ತೆಂಗಿನಕಾಯಿ ಸಿಪ್ಪೆಯ ದೂಳು ಎಂದು ಹೇಳಿಬಿಡುತ್ತಾರೆ. ಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದ ರುದ್ರಮ್ಮನಿಗೂ ಹಾಗೇ ಹೇಳಿದರು. ಕೆಲಸ ಬಿಟ್ಟರೂ ಕಡಿತ ಬಿಡಲಿಲ್ಲ. ಗುಳ್ಳೆಯಿಲ್ಲ, ಗಾಯವಿಲ್ಲ; ಅಂಗೈ, ಅಂಗಾಲಿನಲ್ಲೆಲ್ಲ ತಡೆಯಲಾರದ ಕಡಿತ. ಬೇವು, ಅರಿಸಿನ ಅರೆದು ಮೈಗೆ ಮೆತ್ತಿಕೊಂಡದ್ದೇ ಬಂತು.

ಅದಾದರೂ ಹೋಗಲಿ. ಆಕೆಗೆ ನೋವಾದದ್ದು ಬೇರೆಯದಕ್ಕೆ. ಬಾಣಂತನ ಮುಗಿಸಿ ತವರಿಂದ ಬಂದ ಸೊಸೆ ಮಂಜುಳಾ ಕೂಸನ್ನು ಅತ್ತೆಯ ಕೈಗೆ ಕೊಡಲೇ ಇಲ್ಲ.

“ಬೇಜಾರು ಮಾಡ್ಕಬ್ಯಾಡಿ ಅತ್ತೆ. ಹಸುಗೂಸು, ಕಜ್ಜಿ ಅಂಟಿಕೊಂಡ್ರೆ ಏನ್ಮಾಡ್ಲಿ?”

“ಆಯ್ತು ಬಿಡು ಮಗ,” ಎಂದಳು ರುದ್ರಮ್ಮ. ಹೆತ್ತವಳು ಹೆದರಿದ್ದನ್ನು ತಪ್ಪು ಅನ್ನುವುದು ಹೇಗೆ? ಮೊಮ್ಮಗಳನ್ನು ದೂರದಿಂದ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೂಸಿನ ಚುಚ್ಚುಮದ್ದು ವಿಚಾರಿಸಲು ಬಂದ ನರ್ಸ್ ಅನುಸೂಯಮ್ಮ ರುದ್ರಮ್ಮನ ಮುಖವನ್ನೇ ನೋಡಿದರು.

“ಯಾಕ್ರೀ, ಹಿಂಗೆ ಹಳದಿ ಆಗಿದ್ದೀರಾ?”

“ಅರಿಸಿನ ಸಿಸ್ಟ್ರೇ, ಕಡಿತಕ್ಕೆ ಹಚ್ಚೋದು,” ಎಂದಳು ಮಂಜುಳಾ.

“ಕಣ್ಣೊಳಕ್ಕೂ ಹಚ್ತಾರೇನಮ್ಮ?”

ಮಂಜುಳಾ ಅತ್ತೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದಳು. ಕಣ್ಣಿನ ಬಿಳಿಯೆಲ್ಲ ಹಳದಿ. ಅಯ್ಯೋ, ಒಂದೇ ಮನೆಯಲ್ಲಿದ್ದೂ ಯಾರಿಗೂ ಕಂಡಿರಲಿಲ್ಲ.

“ಕಾಮಾಲೆನಾ? ಹಂಗಾರೆ ನಾಟಿ ಔಷಧಿ ಕುಡಿಸ್ತೀವಿ.”

“ಯಾಕೆ ಬಂದೈತೆ ಅಂತ ತಿಳೀದೆ ಏನೂ ಕುಡಿಸ್ಬ್ಯಾಡಿ. ಮೊದ್ಲು ದೊಡ್ಡಾಸ್ಪತ್ರೆಗೆ ತೋರ್ಸಿ.”

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಮಂಜುಳಾನೇ ಅತ್ತೆಯನ್ನು ಹಾಸನಕ್ಕೆ ಕರೆದೊಯ್ದಳು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ರೋಗದ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿಯೇ ದಾರಿ ತಪ್ಪಿ, ಲಿವರಿನಿಂದ ಪಿತ್ತರಸ ಹರಿಯುವ ಸಣ್ಣ ನಾಳಗಳನ್ನು ಹಾಳು ಮಾಡುತ್ತಿದೆ. ಪಿತ್ತ ಒಳಗೇ ನಿಂತು ಕಡಿತ ಎದ್ದಿದೆ. ಕೆಲವರಿಗೆ ಇಂಥದೇ ಎಡವಟ್ಟು ಮೇದೋಜೀರಕ ಗ್ರಂಥಿಯಲ್ಲೂ ಆಗುತ್ತದೆ.

“ಪೂರ್ತಿ ವಾಸಿ ಆಗಲ್ಲ. ಆದ್ರೆ ದಿನಾ ಮಾತ್ರೆ ತಗೊಂಡ್ರೆ ಹತೋಟೀಲಿ ಇಡಬಹುದು. ಬಿಡಬಾರದು ಅಷ್ಟೇ.”

ಮಂಜುಳಾ ಮೆಲ್ಲಗೆ ಕೇಳಿದಳು, “ಅಂಟುತ್ತಾ ಸಾರ್?”

“ಮುಟ್ಟಿದ್ರೂ ಇಲ್ಲ, ಜೊತೇಲಿ ಉಂಡ್ರೂ ಇಲ್ಲ. ಯಾರಿಗೂ ಅಂಟಲ್ಲಮ್ಮ.”

ಹೊರಗೆ ಬೆಂಚಿನ ಮೇಲೆ ಕೂತ ಅತ್ತೆಯ ಮಡಿಲಿಗೆ ಮಂಜುಳಾ ಕೂಸನ್ನು ಹಾಕಿದಳು. “ತಪ್ಪಾಯ್ತು ಅತ್ತೆ,” ಎಂದಳು.

“ಗೊತ್ತಿರ್ನಿಲ್ಲ ಅಲ್ವೇನೇ, ಸುಮ್ಕಿರು,” ಎಂದ ರುದ್ರಮ್ಮ ಮೊಮ್ಮಗಳ ನೆತ್ತಿಯನ್ನು ಮೂಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಗುಳ್ಳೆಯಿಲ್ಲದ ಕಡಿತ ಬಿಡದೆ ಕಾಡಿದರೆ, ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ತಡ ಮಾಡಬೇಡಿ. ಮನೆಯವರನ್ನು ದೂರ ಕೂರಿಸುವ ಮೊದಲು ಡಾಕ್ಟರಿಗೆ ತೋರಿಸಿ.