ಆಪರೇಷನ್ ಬೇಡ ಎಂದ ಡಾಕ್ಟರಮ್ಮ

ತಂಗಿ ತನ್ನ ಯೂನಿಫಾರ್ಮ್ ಪ್ಯಾಂಟನ್ನು ನನ್ನ ಲಾಂಡ್ರಿಗೆ ಕೊಡುವುದನ್ನು ನಿಲ್ಲಿಸಿದಾಗಲೇ ನನಗೆ ವಾಸನೆ ಹೊಡೆದಿತ್ತು. ಶರ್ಟು ಬರುತ್ತಿತ್ತು, ಪ್ಯಾಂಟು ಬರುತ್ತಿರಲಿಲ್ಲ. ಅವಳು ಸಿಟಿ ಬಸ್ಸಿನ ಕಂಡಕ್ಟರು, ನನ್ನ ಅಂಗಡಿ ಡಿಪೋದ ಎದುರಿಗೇ ಇದೆ. ಪುಕ್ಕಟೆ ಒಗೆತ, ಪುಕ್ಕಟೆ ಇಸ್ತ್ರಿ ಬಿಟ್ಟು ಮನೆಯ ಬಚ್ಚಲಲ್ಲಿ ತಾನೇ ಕುಕ್ಕುತ್ತಾಳೆ ಎಂದರೆ ಏನರ್ಥ? ಬಟ್ಟೆ ಒಗೆಯುವವರ ಮುಂದೆ ಯಾರ ಗುಟ್ಟೂ ನಿಲ್ಲುವುದಿಲ್ಲ. ಈ ಬೀದಿಯಲ್ಲಿ ಯಾರು ಕುಡಿಯುತ್ತಾರೆ, ಯಾರ ಕಾಲರಿಗೆ ಯಾರ ತುಟಿಯ ಬಣ್ಣ ಹತ್ತಿದೆ, ಎಲ್ಲ ಬಲ್ಲೆ. ಹಾಗಾಗಿ ನಾನು ನೇರವಾಗಿ ಒಂದು ತೀರ್ಮಾನಕ್ಕೆ ಬಂದೆ. ಇವಳಿಗೆ ಯಾರೋ ಗಂಟುಬಿದ್ದಿದ್ದಾನೆ.

ಮಧ್ಯಾಹ್ನದ ಬಿಡುವಿನಲ್ಲಿ ಬಂದವಳನ್ನು ಹಿಡಿದು ಕೂರಿಸಿದೆ.

"ಯಾರವನು?"

"ಯಾವನು?"

"ನನ್ನ ಹತ್ರ ನಾಟಕ ಬೇಡ ಕಣೇ. ಡ್ರೈವರ್ರಾ, ಟೈಮ್‌ಕೀಪರ್ರಾ?"

"ಥೂ ಅಕ್ಕ, ನಿನ್ನ ಬಾಯಿಗಿಷ್ಟು! ನಿಂತ್ಕೊಳ್ಳೋಕೇ ತ್ರಾಣ ಇಲ್ಲ, ಇನ್ನು ಅದೊಂದು ಕೇಡು ನನಗೆ."

ಅಷ್ಟು ಹೇಳಿ ಬಟ್ಟೆಗಂಟಿನ ಮೇಲೆ ಕುಸಿದು ಕೂತಳು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಮುಟ್ಟು ನಿಲ್ಲುತ್ತಲೇ ಇಲ್ಲ, ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಶುರು. "ಬ್ರೇಕ್ ಹಾಕಿದ್ರೆ ಸಾಕು ಅಕ್ಕ, ಎಲ್ಲಿ ಸೋರಿತೋ ಅಂತ ಎದೆ ಝಲ್ ಅನ್ನುತ್ತೆ. ಸೀಟ್ ಮೇಲೆ ಟವೆಲ್ ಹಾಸ್ಕೊಂಡು ಕೂರ್ತೀನಿ. ಮೆಟ್ಟಿಲು ಹತ್ತಿದ್ರೆ ಮುದುಕಿ ಥರ ಏದುಸಿರು."

"ಮುದುಕಿ ನಾನಿದೀನಿ, ನನಗೇ ಏದುಸಿರಿಲ್ಲ. ಏಳು, ಆಸ್ಪತ್ರೆಗೆ."

ನನ್ನ ಜೊತೆ ಅವಳ ಗಂಡನೂ ಬಂದ. ಅವನದು ಬೀಗ ರಿಪೇರಿ. ಪೇಟೆಯ ಬೀಗವನ್ನೆಲ್ಲ ತೆಗೆಯುತ್ತಾನೆ, ತನ್ನ ಬಾಯಿಯದೊಂದನ್ನು ಮಾತ್ರ ತೆಗೆಯುವುದಿಲ್ಲ. ಏನು ಕೇಳಿದರೂ 'ಹೂಂ'. ಅದಕ್ಕೇ ನಾನು ಅವನಿಗೆ ಹೂಂರಾಯ ಎಂದು ಹೆಸರಿಟ್ಟಿದ್ದೇನೆ.

ಡಾಕ್ಟರಮ್ಮ ತೀರಾ ಚಿಕ್ಕವಳು. ಕನ್ನಡಕ ಮೂಗಿಗಿಂತ ದೊಡ್ಡದು. ನನಗೆ ಮೊದಲ ನೋಟಕ್ಕೇ ಅನುಮಾನ. ತಂಗಿಯನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ಎಷ್ಟೋ ಹೊತ್ತು ಮಾತು. ಕಾಯಿಲೆ ನೋಡುವವರಿಗೆ ಅಷ್ಟು ಮಾತೇಕೆ? ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಮತ್ತೆ ಒಳಗೆ ಕರೆದು ತೆಳ್ಳನೆಯ ಕೊಳವೆ ಹಾಕಿ ಗರ್ಭಕೋಶದ ಒಳಪದರದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೊನೆಗೆ ಡಾಕ್ಟರಮ್ಮ ಕಾರಿಡಾರಿಗೆ ಬಂದು ನಮ್ಮಿಬ್ಬರಿಗೆ ಹೇಳಿದ್ದು ಇಷ್ಟೇ:

"ಆಪರೇಷನ್ ಏನೂ ಬೇಡ. ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ."

ನಮ್ಮ ಅಪ್ಪನಿಗೂ ಹೀಗೇ ಹೇಳಿದ್ದರು, ಅಕ್ಷರ ಆಚೀಚೆ ಇಲ್ಲ. ಆಪರೇಷನ್ ಬೇಡ, ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ. ಕರೆದುಕೊಂಡು ಹೋದೆವು, ನೋಡಿಕೊಂಡೆವು, ಮಣ್ಣು ಮಾಡಿದೆವು. ನಮ್ಮ ಮನೆಯಲ್ಲಿ ಈ ಮಾತಿಗೆ ಇನ್ನೊಂದು ಅರ್ಥವಿಲ್ಲ. ಕತ್ತರಿಸುತ್ತೇವೆ ಎಂದರೆ ಉಳಿಯುವ ಆಸೆ ಇದೆ, ಬೇಡ ಎಂದರೆ ಮುಗಿಯಿತು.

ಹೂಂರಾಯನ ಕಡೆ ನೋಡಿದೆ. ಅವನ ಬಾಯಿಂದ 'ಹೂಂ' ಕೂಡ ಬರಲಿಲ್ಲ.

ತಂಗಿ ಮಾತ್ರ ನಗುನಗುತ್ತಾ ಬಂದಳು. "ಸಣ್ಣ ಗಡ್ಡೆ ಇದೆಯಂತೆ ಅಕ್ಕ, ಭಯಪಡೋ ಅಂಥದ್ದಲ್ಲವಂತೆ. ರಕ್ತ ಕಮ್ಮಿ ಇದೆ, ಕಬ್ಬಿಣದ ಮಾತ್ರೆ ಕೊಟ್ಟಿದಾರೆ. ಚೂರಿನ ಪರೀಕ್ಷೆ ಸರಿ ಬಂದ್ರೆ ಒಳಗೆ ಒಂದು ಪುಟ್ಟ ಕಡ್ಡಿ ಇಡ್ತಾರಂತೆ, ರಕ್ತ ಹೋಗೋದು ಕಮ್ಮಿ ಆಗುತ್ತಂತೆ."

ಅಂತೆ, ಅಂತೆ, ಅಂತೆ. ಪಾಪ, ಮಗುವಿಗೆ ಹೇಳಿದ ಹಾಗೆ ಹೇಳಿ ಕಳಿಸಿದ್ದಾರೆ ಎಂದುಕೊಂಡೆ. ಇರುವ ಗಡ್ಡೆಯನ್ನು ತೆಗೆಯುವುದು ಬಿಟ್ಟು ಹೊರಗಿನದನ್ನು ಒಳಗೆ ಇಡುವುದು ಯಾವ ಸೀಮೆಯ ವೈದ್ಯ?

ಆ ದಿನದಿಂದ ನಾವಿಬ್ಬರೂ ಅವಳನ್ನು ಗಾಜಿನ ಲೋಟದಂತೆ ಹಿಡಿದೆವು. ನಾನು ಬೈಯುವುದನ್ನು ಬಿಟ್ಟೆ. ಊಟಕ್ಕೆ ಬುತ್ತಿ ಕಟ್ಟಿಕೊಂಡು ಡಿಪೋ ಗೇಟಿಗೇ ಹೋದೆ. ಹೂಂರಾಯನಂತೂ ಮಾತು ಕಲಿತುಬಿಟ್ಟ. "ನೀನು ಕೂತ್ಕೋ, ಪಾತ್ರೆ ನಾನು ತೊಳೀತೀನಿ", "ನಿನಗೇನಾದ್ರೂ ಆಸೆ ಇದ್ರೆ ಹೇಳು", "ಸಮುದ್ರ ನೋಡ್ಬೇಕು ಅಂತಿದ್ಯಲ್ಲ, ಹೋಗೋಣ್ವಾ?" ಮದುವೆಯಾದಾಗಿನಿಂದ ಉಳಿಸಿಟ್ಟುಕೊಂಡಿದ್ದ ಮಾತನ್ನೆಲ್ಲ ಒಟ್ಟಿಗೇ ಖರ್ಚು ಮಾಡಿದ.

ಅವಳಿಗೆ ಅನುಮಾನ ಬಾರದೆ ಇರುತ್ತದೆಯೇ? ಆದರೆ ಆಗ ಬಾಯಿಬಿಟ್ಟು ಕೇಳಲಿಲ್ಲ. ನಮ್ಮ ಮುಖವನ್ನೇ ನೋಡುವಳು. ಬರಬರುತ್ತಾ ಅವಳ ನಗುವೂ ಇಂಗಿತು. ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದು ನಾನು ಹೇಳಿದಾಗ ಮರುಮಾತಾಡದೆ ಚಪ್ಪಲಿ ಮೆಟ್ಟಿಕೊಂಡಳು.

ಈ ಸಲ ನಾನೇ ಹುಡುಕಿದ ದೊಡ್ಡ ಡಾಕ್ಟರು. ತಲೆ ನರೆತಿತ್ತು, ಮೇಜು ದೊಡ್ಡದಿತ್ತು, ನನಗೆ ನಂಬಿಕೆ ಬಂತು. ಸ್ಕ್ಯಾನ್ ಚಿತ್ರವನ್ನು ದೀಪಕ್ಕೆ ಹಿಡಿದರು, ಇಳಿಸಿದರು.

"ಗರ್ಭಕೋಶ ತೆಗೆಸಿಬಿಡಿ. ಒಬ್ಬಳು ಮಗಳು ಬೆಳೆದಿದಾಳೆ ಅಂದ್ರಲ್ಲ, ಇನ್ನು ಅದನ್ನ ಇಟ್ಕೊಂಡು ಏನ್ಮಾಡ್ತೀರಾ? ಮುಂದಿನ ವಾರ ಬಂದು ಸೇರಿಕೊಳ್ಳಿ."

ನನಗೆ ಆದ ಸಂತೋಷ! ಕತ್ತರಿಸುತ್ತಾರೆ, ಅಂದರೆ ಉಳಿಯುತ್ತಾಳೆ. ಹೂಂರಾಯ ಡಾಕ್ಟರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಹೆಂಡತಿಯ ಹೊಟ್ಟೆ ಕೊಯ್ಯುತ್ತೇವೆ ಎಂದವರಿಗೆ ಇಷ್ಟು ಉಪಚಾರ ಮಾಡಿದ ಗಂಡನನ್ನು ಅವರು ಕಂಡಿರಲಿಕ್ಕಿಲ್ಲ.

ತಂಗಿ ಕೇಳಿದಳು, "ತೆಗೆಸದಿದ್ರೆ ಏನಾಗುತ್ತೆ ಡಾಕ್ಟ್ರೇ? ಬೇರೆ ದಾರಿ ಇಲ್ವಾ?"

"ಅದೆಲ್ಲ ತಲೆಗೆ ಹಚ್ಕೋಬೇಡಿ," ಎಂದು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಮನೆಗೆ ಬಸ್ಸಿನಲ್ಲಿ ಬಂದೆವು. ಅವಳು ಎದುರಿನ ಸೀಟಿನಲ್ಲಿ ನಮ್ಮ ಕಡೆ ತಿರುಗಿ ಕೂತಿದ್ದಳು. ಒಂದೇ ಸಮನೆ ನೋಡುತ್ತಾ, ನೋಡುತ್ತಾ, ಇದ್ದಕ್ಕಿದ್ದಂತೆ ಗುಡುಗಿದಳು.

"ಇಬ್ರೂ ಟಿಕೆಟ್ ತೋರ್ಸಿ."

"ಏನೇ ಇದು, ಟಿಕೆಟ್ ನೀನೇ ತಗೊಂಡ್ಯಲ್ಲ?"

"ಈ ಟಿಕೆಟ್ ಅಲ್ಲ ಅಕ್ಕ. ನನ್ನ ಬಸ್ಸಲ್ಲಿ ಟಿಕೆಟ್ ತಗೊಳ್ಳದೋನು ನಾನು ಹತ್ರ ಬಂದಾಗ ಕಿಟಕಿ ಆಚೆ ನೋಡ್ತಾನೆ. ಅಲ್ಲೇನೂ ಇರಲ್ಲ, ಬರೀ ಗೋಡೆ, ಆದ್ರೂ ನೋಡ್ತಾನೆ. ನೀವಿಬ್ರೂ ಇಷ್ಟು ದಿನದಿಂದ ಗೋಡೆ ನೋಡ್ತಿದೀರಾ. ಏನು ಮುಚ್ಚಿಡ್ತಿದೀರಾ? ನನಗೆ ಕ್ಯಾನ್ಸರ್ ಅಂತ ಡಾಕ್ಟರಮ್ಮ ನಿಮಗೆ ಹೇಳಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ ಹೂಂರಾಯ ಮುಖ ಒರೆಸಿಕೊಂಡ. ನಾನು ಬಾಯಿಬಿಟ್ಟೆ. ಕಾರಿಡಾರಿನ ಮಾತು, ಅಪ್ಪನ ವಿಷಯ, ಎಲ್ಲ.

ಅವಳು ಮೊದಲು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು. "ಅಯ್ಯೋ, ನಿಮ್ಮ! ಅದೊಂದು ಮಾತಿಗೆ ನೀವು ನನ್ನ ತಿಥಿ ಮಾಡ್ಬಿಟ್ರಾ? ನೀವಿಬ್ರೂ ಅಳೋ ಮುಖ ಹೊತ್ಕೊಂಡು ಓಡಾಡಿದ್ದಕ್ಕೆ, ಡಾಕ್ಟರಮ್ಮ ನನಗೆ ಸುಳ್ಳು ಹೇಳಿದಾರೆ ಅಂತ ಅಂದ್ಕೊಂಡೆ. ಅದಕ್ಕೇ ತೆಗೆಸೋಕೂ ತಯಾರಾಗಿದ್ದೆ. ಇಲ್ಲದಿದ್ರೆ ಆಪರೇಷನ್ ಮಾಡಿಸ್ಕೊಂಡು ತಿಂಗಳುಗಟ್ಟಲೆ ಬಸ್ಸು ಬಿಟ್ಟು ಆಫೀಸಲ್ಲಿ ಫೈಲು ಜೋಡಿಸ್ಕೊಂಡು ಕೂರೋಕೆ ಒಪ್ತಿದ್ನಾ?"

"ಹಾಗಿದ್ರೆ ಆ ಡಾಕ್ಟರಮ್ಮನ್ನೇ ಕೇಳೋಣ," ಎಂದೆ. "ನನ್ನ ಎದುರಿಗೆ. ಬಾಗಿಲು ಹಾಕ್ಕೊಳ್ಳೋದು ಗೀಗೋದು ಇಲ್ಲ."

ಚೂರಿನ ಫಲಿತಾಂಶ ಬಂದ ದಿನ ಮೂವರೂ ಒಳಗೆ ಹೋದೆವು. ನಾನು ಕುರ್ಚಿಯನ್ನು ಡಾಕ್ಟರಮ್ಮನ ಮೂಗಿನ ಹತ್ತಿರಕ್ಕೇ ಎಳೆದುಕೊಂಡೆ.

"ನೋಡಮ್ಮ, ಸಾಯೋ ಹಾಗಿದ್ರೆ ಸಾಯ್ತಾಳೆ ಅನ್ನು. ಅಡ್ಡಗೋಡೆ ಮೇಲೆ ದೀಪ ಇಡ್ಬೇಡ."

ಡಾಕ್ಟರಮ್ಮ ಬೆಚ್ಚಿದಳು. "ಸಾಯೋದು ಯಾಕಜ್ಜಿ? ಚೂರಿನಲ್ಲಿ ಕೆಟ್ಟದ್ದೇನೂ ಕಂಡಿಲ್ಲ. ಗಡ್ಡೆ ಸಣ್ಣದು, ಗರ್ಭಕೋಶದ ಗೋಡೆಯೊಳಗಿದೆ, ಇಂಥ ಗಡ್ಡೆ ಎಷ್ಟೋ ಹೆಂಗಸರಿಗೆ ಇರುತ್ತೆ."

"ಹಾಗಿದ್ರೆ ದೊಡ್ಡ ಡಾಕ್ಟ್ರು ತೆಗೆಸು ಅಂದ್ರಲ್ಲ?"

"ಅದೂ ಒಂದು ದಾರಿ. ಆದ್ರೆ ಮೊದಲನೇ ದಾರಿ ಅಲ್ಲ. ಈ ಕಡ್ಡಿಯಿಂದ ಒಳಗೇ ಸ್ವಲ್ಪ ಸ್ವಲ್ಪ ಹಾರ್ಮೋನ್ ಬರುತ್ತೆ, ಒಳಪದರ ತೆಳ್ಳಗಾಗುತ್ತೆ, ರಕ್ತ ಕಮ್ಮಿ ಆಗುತ್ತೆ. ಬೇಡ ಅನ್ನಿಸಿದ್ರೆ ತೆಗೀಬಹುದು. ತೆಗೆದ ಗರ್ಭಕೋಶ ವಾಪಸ್ ಇಡೋಕಾಗಲ್ಲ ಅಲ್ವಾ?"

"ಗ್ಯಾರಂಟಿ ಇದೆಯಾ?"

"ಇಲ್ಲ. ಜಾಸ್ತಿ ಜನಕ್ಕೆ ಸರಿಹೋಗುತ್ತೆ, ಕೆಲವರಿಗೆ ಹೋಗಲ್ಲ. ಮೊದಲ ಕೆಲವು ತಿಂಗಳು ಆಗಾಗ ಕಲೆ ಕಾಣಿಸ್ಬಹುದು. ಆಗದಿದ್ರೆ ಬೇರೆ ನೋಡೋಣ."

ಗ್ಯಾರಂಟಿ ಇಲ್ಲ ಎನ್ನುವ ಅಂಗಡಿಯವನನ್ನು ನಾನು ಈ ಬೀದಿಯಲ್ಲಿ ಕಂಡಿಲ್ಲ. ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದೆ. ನೋಡುತ್ತಿದ್ದ ಹಾಗೆ, ಕೇಳಬೇಕೆಂದುಕೊಳ್ಳದೇ ಇದ್ದದ್ದನ್ನು ಕೇಳಿಬಿಟ್ಟೆ.

"ನನಗೂ ಹೀಗೇ ಆಗ್ತಿತ್ತು. ಇವಳಿಗಿಂತ ಚಿಕ್ಕವಳಿದ್ದೆ. ಒಂದೇ ಸಲ ನೋಡಿ ತೆಗೆದುಹಾಕಿದ್ರು. ನನ್ನದು ತೆಗೀಬೇಕಿತ್ತಾ?"

ಡಾಕ್ಟರಮ್ಮ ಕನ್ನಡಕ ತೆಗೆದಳು. "ಯಾಕೆ ತೆಗೀತಿದೀವಿ ಅಂತ ಹೇಳಿದ್ರಾ ನಿಮಗೆ?"

"ನನಗ್ಯಾರು ಹೇಳ್ತಾರೆ? ನನ್ನ ಗಂಡನಿಗೆ ಹೇಳಿದ್ರಂತೆ. ಅವರು ನನಗೆ ಹೇಳ್ಲಿಲ್ಲ, ಈಗ ಕೇಳೋಕೆ ಅವರೂ ಇಲ್ಲ."

"ನನಗೂ ಗೊತ್ತಿಲ್ಲ ಅಜ್ಜಿ. ಬೇಕಿತ್ತೋ ಬೇಡ್ವಾಗಿತ್ತೋ, ಆಗಿನ ಚೀಟಿ ಏನೂ ನೋಡದೆ ನಾನೀಗ ಹೇಳಿದ್ರೆ ಸುಳ್ಳಾಗುತ್ತೆ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದೆ. ಎದುರಿಗೆ ಕೂತವಳ ಮೇಲಂತೂ ಅಲ್ಲ. ಹೂಂರಾಯ ಮೆತ್ತಗೆ "ಹೂಂ" ಎಂದ. ಎಲ್ಲಿ ಹೂಂ ಎನ್ನಬೇಕು ಎಂಬುದು ಆ ಮನುಷ್ಯನಿಗೆ ಗೊತ್ತಿದೆ, ಒಪ್ಪಿಕೊಳ್ಳಬೇಕು.

ತಂಗಿ ನನ್ನ ಕೈ ಒತ್ತಿ ಹಿಡಿದು ಡಾಕ್ಟರಮ್ಮನಿಗೆ ಹೇಳಿದಳು, "ಕಡ್ಡಿ ಇಡಿ. ನನಗೆ ಎಲ್ಲ ಗೊತ್ತಿದ್ದೇ ಇಡಿಸ್ಕೊಳ್ತಿದೀನಿ."

ಮೊದಲ ತಿಂಗಳುಗಳಲ್ಲಿ ಡಾಕ್ಟರಮ್ಮ ಹೇಳಿದಂತೆಯೇ ಕಲೆ ಕಾಣಿಸಿತು. "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಎಂದು ನಾನು ಕುಣಿದೆ. "ನೀನು ಹೇಳ್ಲಿಲ್ಲ, ಅವರು ಹೇಳಿದ್ರು," ಎಂದು ತಂಗಿ ಬಾಯಿ ಮುಚ್ಚಿಸಿದಳು. ಆಮೇಲೆ ಅದೂ ಕಡಿಮೆಯಾಗುತ್ತಾ ಬಂತು. ಅವಳ ಕೆನ್ನೆಗೆ ಬಣ್ಣ ತಿರುಗಿತು. ಹೂಂರಾಯ ಹಳೆಯ ಹೂಂಗೆ ಮರಳಿದ. ಪಾತ್ರೆ ಮಾತ್ರ ಈಗಲೂ ಅವನೇ ತೊಳೆಯುತ್ತಾನೆ, ಆ ಕೆಲಸ ಬಿಡಲು ಅವಳು ಬಿಡಬೇಕಲ್ಲ.

ಮೊನ್ನೆ ಪಾಳಿ ಮುಗಿಸಿ ಬಂದವಳು ಶರ್ಟಿನ ಜೊತೆ ಪ್ಯಾಂಟನ್ನೂ ಮೇಜಿನ ಮೇಲೆ ಎಸೆದಳು. ನಾನು ಅದನ್ನು ಬೆಳಕಿಗೆ ಹಿಡಿದು ಮುಂದೆ ನೋಡಿದೆ, ಹಿಂದೆ ನೋಡಿದೆ, ಒಳಗನ್ನು ಹೊರಗೆ ತಿರುವಿ ಹೊಲಿಗೆಯ ಸಂದಿಯನ್ನೂ ನೋಡಿದೆ. ಬಸ್ಸಿನ ಧೂಳು ಬಿಟ್ಟರೆ ಏನೂ ಇರಲಿಲ್ಲ.

"ಏನು ಹುಡುಕ್ತಿದೀಯಾ ಅಕ್ಕ?"

"ಗುಂಡಿ ಕಿತ್ತಿದೆಯಾ ಅಂತ."

"ನನ್ನ ಕಡೆ ನೋಡಿ ಹೇಳು."

ನಾನು ಕಿಟಕಿಯಾಚೆ ನೋಡಿದೆ. ಅಲ್ಲಿ ಡಿಪೋದ ಗೋಡೆ ಬಿಟ್ಟು ಮತ್ತೇನಿಲ್ಲ.