ಓದಿ ಹೇಳಿದ ಕಾಗದ

ಪಾಂಡವ, ಪುರ, ಎಂದು ನಡುವೆ ಉಸಿರು ಬಿಟ್ಟು ಹೇಳುತ್ತದೆ ಲೈಬ್ರರಿಗೆ ಹೊಸದಾಗಿ ಬಂದ ಈ ಟ್ಯಾಬು, ದೂರದ ಊರಿಂದ ಬಂದವಳು ಬಸ್ಸಿನ ಬೋರ್ಡು ಓದುವ ಹಾಗೆ, ದನಿಯೇನೋ ಚೆನ್ನಾಗಿದೆ, ಕೆಮ್ಮಿಲ್ಲ, ನೆಗಡಿಯಿಲ್ಲ, ಬೆಳಗ್ಗಿನಿಂದ ನಾಲ್ಕು ಸುದ್ದಿ ಓದಿಸಿದೆ, ಒಂದರಲ್ಲೂ ಗಂಟಲು ಕಟ್ಟಲಿಲ್ಲ — ನಾಲೆಗೆ ನೀರು ಬಿಟ್ಟ ಸುದ್ದಿಯನ್ನೂ ನಾಲೆಗೆ ಬಿದ್ದು ಸತ್ತವನ ಸುದ್ದಿಯನ್ನೂ ಒಂದೇ ಸಮ ಓದಿ ಮುಗಿಸಿತು. ಹೋದ ವಾರದ ತರಬೇತಿಯಲ್ಲಿ ವಿಜಯೇಂದ್ರ ಎಂಬ ತರುಣ ಇದನ್ನೇ ಹೊಗಳಿದ್ದು, ಹಳ್ಳಿ ಹಳ್ಳಿಯ ಲೈಬ್ರರಿಯವರನ್ನೆಲ್ಲ ಕೂರಿಸಿ, ಕೆ.ಆರ್. ಪೇಟೆಯವರು ಒಂದು ಸಾಲು, ನಾಗಮಂಗಲದವರು ಒಂದು ಸಾಲು, ನಾನು ಪಾಂಡವಪುರದವರ ಜೊತೆ ಹಿಂದೆ, ಯಾವ ಹಾಳೆಯಾದರೂ ಸರಿ ಮೇಡಂ, ಫೋಟೊ ತೆಗೆಯಿರಿ, ಇದನ್ನು ಒತ್ತಿ, ಅಕ್ಷರ ಗುರುತು ಹಿಡಿದು ಓದಿ ಹೇಳುತ್ತದೆ, ಓದು ಬಾರದವರಿಗೆ ಇನ್ನು ಯಾರ ಹಂಗೂ ಬೇಡ, ಇರುವುದನ್ನು ಇರುವ ಹಾಗೇ ಕೇಳಬಹುದು. ಗೋವಿಂದನಹಳ್ಳಿ ಕಡೆಯಿಂದ ಬಂದಿದ್ದವರೊಬ್ಬರು ಎದ್ದು ಕೈಬರಹವನ್ನೂ ಓದುತ್ತದೆಯಾ ಎಂದು ಕೇಳಿದರು, ಓದುತ್ತದೆ, ಅಲ್ಲಲ್ಲಿ ಎಡವುತ್ತದೆ ಎಂದ — ಆಗ ನನ್ನ ಅಂಗೈ ಯಾಕೆ ಬೆವರಿತೆಂದು ಅಲ್ಲಿ ಹೊಳೆಯಲಿಲ್ಲ, ವಾಪಸು ಬರುವಾಗ ಬಸ್ಸು ಕ್ಯಾತನಹಳ್ಳಿ ದಾಟಿ ಕಬ್ಬಿನ ಗದ್ದೆಗಳ ನಡುವೆ ನಮ್ಮೂರ ಬೋರ್ಡು ಕಂಡಾಗ ಹೊಳೆಯಿತು, ಚಿಕ್ಕಬೋರಮ್ಮ. ಒಂಬತ್ತು ವರ್ಷದಿಂದ ಒಂದು ಕಾಗದ ಇಟ್ಟುಕೊಂಡು ಕೂತಿರುವ ಚಿಕ್ಕಬೋರಮ್ಮ. ಆ ಕಾಗದವನ್ನು ಓದಿದವಳು ಇಡೀ ಊರಿಗೆ ನಾನೊಬ್ಬಳೇ.

ದೇವಯ್ಯನವರಿಗೆ ತೋರಿಸಬಾರದಿತ್ತು, ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಪೇಪರು ಓದಲು ಬರುವ ಮುದುಕ, ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಎಂದು ಅವರ ಪಹಣಿಯನ್ನೇ ಫೋಟೊ ತೆಗೆದು ಓದಿಸಿದೆ, ಅವರು ಕಿವಿಗೆ ಕೈ ಆನಿಸಿ ಕೇಳಿದರು, ನನ್ನೆಸ್ರೂ ಯೋಳ್ತು ಕಣವ್ವ, ನಮ್ಮಪ್ಪನ್ ಎಸ್ರೂ ಯೋಳ್ತು, ಎಂದು ಮಗುವಿನ ಹಾಗೆ ನಕ್ಕರು, ಸಂಜೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ ಸುದ್ದಿ ಮುಟ್ಟಿಸಿದರು. ಹಾಲು ಹಾಕಲು ಚಿಕ್ಕಬೋರಮ್ಮನೂ ಅಲ್ಲಿಗೇ ಬರುತ್ತಾಳೆ, ಒಂದೇ ಹಸು, ಅದರ ಹಾಲೇ ಅವಳ ಬದುಕು — ಅಗೋ, ಬಾಗಿಲಲ್ಲಿ ನೆರಳು, ಚಪ್ಪಲಿ ಹೊರಗೇ ಬಿಟ್ಟಳು, ಹಾಕಿಕೊಂಡೇ ಬನ್ನಿ ಎಂದು ಎಷ್ಟು ಸಲ ಹೇಳಿಲ್ಲ, ಪುಸ್ತಕ ಇರೋ ಜಾಗ ಅನ್ನುತ್ತಾಳೆ, ಕುರ್ಚಿ ಇದ್ದರೂ ನೆಲದ ಮೇಲೇ ಕೂರುತ್ತಾಳೆ, ಕೈಚೀಲದಿಂದ ಪ್ಲಾಸ್ಟಿಕ್ ಕವರು, ಕವರಿನಿಂದ ನಾಲ್ಕು ಮಡಿಕೆಯ ಹಾಳೆ, ಮಡಿಕೆಗಳಲ್ಲಿ ಸವೆದು ಬೆಳಕು ತೂರುವಷ್ಟು ತೆಳುವಾಗಿದೆ. ಅದು ಎಣ್ಮಗೀನ್ ದನೀಲಿ ಓದ್ತದಂತಲ್ಲವ್ವ, ಇದ್ನ ವಸಿ ಓದ್ಸು, ನೀ ಓದಿದ್ದು ನಂಗೆ ಬಾಯ್ಪಾಠ ಆಗದೆ, ಆದ್ರೂ ನನ್ ಮಗಳೇ ಮಾತಾಡ್ತಾವ್ಳೆ ಅಂದ್ಕೊಂಡು ಒಂದ್ಸಲ ಕೇಳ್ತೀನಿ. ಅಷ್ಟೇ ಅವಳ ಆಸೆ. ನನ್ನ ಮೇಲೆ ಅನುಮಾನವಿದ್ದು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತೂ ಇಲ್ಲೇ, ಈ ಬೀರುವಿನ ಪಕ್ಕ, ನಾನು ಕೆಲಸಕ್ಕೆ ಸೇರಿದ ವರ್ಷ, ಅವಳ ಗಂಡ ಹೋಗಿ ಇಪ್ಪತ್ತು ದಿನ, ಬಳೆಯಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು, ನಾಗಮಂಗಲದ ಕಡೆ ಕೊಟ್ಟಿದ್ದ ಮಗಳು ರಂಜಿತಾಳಿಂದ ಅಂಚೆಯಲ್ಲಿ ಕಾಗದ ಬಂದಿತ್ತು, ನೀ ಪರಸ್ಥಳದೋಳು, ಊರೋರ ಬಾಯ್ಗೆ ಆಕಾಕಿಲ್ಲ, ಅದ್ಕೇ ನಿನ್ತಾವ ತಂದೆ ಅಂದಳು. ನಾನು ಮೊದಲು ಕಣ್ಣಲ್ಲಿ ಓದಿದೆ, ಅದು ಅಪ್ಪನಿಂದ ಬಂದ ಅಭ್ಯಾಸ, ಶ್ರೀರಂಗಪಟ್ಟಣದಲ್ಲಿ ಗುಡಿಯ ಕೆಲಸ ಮುಗಿಸಿ ಅಪ್ಪ ಜಗಲಿಯ ಮೇಲೆ ಕೂತರೆ ಬಾಬುರಾಯನಕೊಪ್ಪಲಿನಿಂದಲೂ ಜನ ಕಾಗದ ತರುತ್ತಿದ್ದರು, ಟೆಲಿಗ್ರಾಂ ತರುತ್ತಿದ್ದರು, ಅಪ್ಪ ಮೊದಲು ತಾವು ಓದಿ, ಕನ್ನಡಕ ಒರೆಸಿ, ಆಮೇಲೆ ಬಾಯಿ ಬಿಡುತ್ತಿದ್ದರು, ತೀರಿಕೊಂಡರು ಎಂದಿರುವುದನ್ನು ಹುಷಾರಿಲ್ಲವಂತೆ, ಬೇಗ ಹೊರಡಪ್ಪ ಎಂದು ಓದುತ್ತಿದ್ದರು, ದಾರಿಯುದ್ದ ಅವನು ಗಟ್ಟಿಯಾಗಿರಲಿ ಕಣೇ ಅಪರ್ಣ, ಅಲ್ಲಿಗೆ ಹೋದ ಮೇಲೆ ಹೇಗೂ ತಿಳಿಯುತ್ತದೆ ಎನ್ನುತ್ತಿದ್ದರು. ರಂಜಿತಾಳ ಅಕ್ಷರ ದುಂಡಗೆ, ಒತ್ತಿ ಬರೆದದ್ದು, ಹಾಳೆಯ ಹಿಂದೆಲ್ಲ ಉಬ್ಬಿತ್ತು. ಅವ್ವ, ಅಪ್ಪನ ಹನ್ನೊಂದರ ದಿನ ನಾನು ಇಲ್ಲೇ ಇರ್ತೀನಿ ಅಂತ ನಿನ್ನ ಸೆರಗು ಹಿಡಿದೆ, ನೀನು ಬಿಡಿಸಿಕೊಂಡು ಗಂಡನ ಜೊತೆ ಬಸ್ಸು ಹತ್ತಿಸಿದೆ, ನನ್ನ ಕೈಯ ಬಾವು ನೋಡಿಯೂ ಹತ್ತಿಸಿದೆ, ಇನ್ನು ನಾನಾಗಿ ನಿನ್ನ ಬಾಗಿಲಿಗೆ ಬರುವುದಿಲ್ಲ, ನಾನು ಬೇಕಿದ್ದರೆ ನೀನೇ ಬಂದು ಕರೆದುಕೊಂಡು ಹೋಗು, ಗೌರಿ ಹಬ್ಬದವರೆಗೆ ನೋಡುತ್ತೇನೆ, ಆಮೇಲೆ ನನಗೆ ಅವ್ವ ಇಲ್ಲ.

ತಲೆಯೆತ್ತಿದೆ, ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಇಪ್ಪತ್ತು ದಿನದ ವಿಧವೆ, ಕಣ್ಣಲ್ಲಿ ನೀರು ಕೂಡ ಉಳಿದಿರಲಿಲ್ಲ, ನನ್ನ ನಾಲಿಗೆ ತಾನಾಗಿ ಹೊರಳಿತು — ಅವ್ವ, ನಾನು ಚೆನ್ನಾಗಿದ್ದೇನೆ, ನೀನು ಕೊರಗಬೇಡ, ಈಗ ಬರುವ ತೊಂದರೆ ತಗೋಬೇಡ, ಗೌರಿ ಹಬ್ಬಕ್ಕೆ ನಾನೇ ಬರುತ್ತೇನೆ. ಇನ್ನೊಂದ್ಸಲ ಓದವ್ವ ಅಂದಳು, ಅದೇ ಸುಳ್ಳನ್ನು ಒಂದಕ್ಷರ ತಪ್ಪದೆ ಇನ್ನೊಂದು ಸಲ ಓದಿದೆ. ಸ್ವಲ್ಪ ಚೇತರಿಸಿಕೊಳ್ಳಲಿ, ಹದಿನೈದು ದಿನ ಬಿಟ್ಟು ಹೇಳೋಣ ಎಂದುಕೊಂಡೆ, ದಿಟವಾಗಿಯೂ ಹಾಗೆಂದುಕೊಂಡಿದ್ದೆ, ಎರಡು ಸಲ ಅವಳ ಮನೆಯವರೆಗೆ ಹೋಗಿ ಹಸುವಿನ ವಿಷಯ ಮಾತಾಡಿ ಬಂದೆ, ಗೌರಿ ಹಬ್ಬ ಬಂದೇಬಿಟ್ಟಿತು, ಸಗಣಿ ಸಾರಿಸಿದ ಅಂಗಳ, ಜಗಲಿಯ ಮೇಲೆ ಅವಳು, ಬಸ್ಸು ನಿಂತಾಗಲೆಲ್ಲ ಕತ್ತು ಚಾಚುವುದು, ನಾನು ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆದುಹೋದೆ. ಅದೇ ಹೊತ್ತಿನಲ್ಲಿ ಅಲ್ಲಿ ರಂಜಿತಾಳೂ ಬಸ್ಸು ನೋಡುತ್ತಿದ್ದಿರಬೇಕು. ಎರಡು ವರ್ಷದ ಮೇಲೆ ದೇವಯ್ಯನವರ ನೆಂಟರು ಸುದ್ದಿ ತಂದರು, ಆ ಹುಡುಗಿ ಗಂಡನನ್ನು ಬಿಟ್ಟು ಬಂದು ನಾಗಮಂಗಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಾಳೆ, ಹಿಂದಿನ ಬೀದಿಯಲ್ಲೇ ಒಂದು ರೂಮು, ಒಬ್ಬಳೇ. ಅದನ್ನು ಕೇಳಿ ಚಿಕ್ಕಬೋರಮ್ಮ ನನ್ನ ಹತ್ತಿರ ಬಂದು, ಬತ್ತೀನಿ ಅಂತ ಬರ್ದು ಬರ್ನಿಲ್ಲ, ಸುಳ್ಳಿ, ನಾನ್ಯಾಕೆ ಓಗ್ಲಿ ಅವಳ್ತಾವಕೆ ಅಂದಳು, ಸುಳ್ಳಿ ಅವಳಲ್ಲ ನಾನು ಎನ್ನುವ ಮಾತು ಹಲ್ಲಿನವರೆಗೆ ಬಂತು, ಆಚೆ ಬರಲಿಲ್ಲ. ಒಂದೂವರೆ ಗಂಟೆಯ ದಾರಿ. ಅಪ್ಪನ ಸುಳ್ಳು ಜನರನ್ನು ಬಸ್ಸು ಹತ್ತಿಸುತ್ತಿತ್ತು, ನನ್ನ ಸುಳ್ಳು ಇವಳನ್ನು ಕೂರಿಸಿಬಿಟ್ಟಿತು, ಇಷ್ಟು ಸರಳವಾದ ವ್ಯತ್ಯಾಸ ಗೊತ್ತಾಗಲು ನನಗೆ ಒಂಬತ್ತು ವರ್ಷ ಬೇಕಾಯಿತೇ, ಇಲ್ಲ, ಗೊತ್ತಿತ್ತು, ಮೊದಲ ಹಬ್ಬದ ದಿನವೇ ಗೊತ್ತಿತ್ತು.

ಕರೆಂಟು ಹೋಗಲಿ, ನೆಟ್‌ವರ್ಕ್ ಹೋಗಲಿ, ದಿನಾ ಹೋಗುವುದು ಇವತ್ತೂ ಹೋಗಬಾರದೇ, ಇಲ್ಲ, ಪರದೆಯ ಮೂಲೆಯಲ್ಲಿ ಗೆರೆಗಳೆಲ್ಲ ತುಂಬಿ ನಿಂತಿವೆ, ಇವತ್ತು ಬರುತ್ತಿಲ್ಲ ಚಿಕ್ಕಬೋರಮ್ಮ, ನಾಳೆ ಬನ್ನಿ ಎಂದರೆ ನಾಳೆ ಬರುತ್ತಾಳೆ, ನಾಡಿದ್ದೂ ಬರುತ್ತಾಳೆ. ಹಾಳೆಯನ್ನು ಮೇಜಿನ ಮೇಲೆ ಹರಡಿದೆ, ಮೊದಲ ಫೋಟೊ ಮಸುಕು, ಎರಡನೆಯದು ಸರಿ ಬಂತು, ಒತ್ತಿದೆ, ಅವಳು ಸೆರಗು ಸರಿಮಾಡಿಕೊಂಡು, ಮಗಳೇ ಒಳಗೆ ಬಂದಳೇನೋ ಎನ್ನುವ ಹಾಗೆ ನೆಟ್ಟಗೆ ಕೂತಳು. ಅವ್ವ, ಎಂದಿತು ಆ ದನಿ, ಇಷ್ಟು ಸ್ಪಷ್ಟವಾಗಿ ಅನ್ನಬೇಕಿತ್ತೇ, ಆಮೇಲೆ ಎಡವಿತು, ಹನ್ನೊಂದರ ದಿನ, ಸೆರೆಗೆ ಹಿಡಿದೆ, ಬಸ್ಸು, ಕೈಯ ಬಾವಿ ನೋಡಿಯೂ, ಮಡಿಕೆಯಲ್ಲಿ ಸವೆದ ಸಾಲುಗಳನ್ನು ಬಿಟ್ಟೇಬಿಟ್ಟಿತು, ಗೌರಿ ಹಬ್ಬದವರೆಗೆ ನೋಡುತ್ತೇನೆ, ಆಮೇಲೆ ನನಗೆ ಅವ್ವ ಇಲ್ಲ. ನಿಂತಿತು. ಹೊರಗೆ ಕಬ್ಬಿನ ಟ್ರಾಕ್ಟರೊಂದು ಹೋಯಿತು. ಬಾವಿ ಯಾವ್ದವ್ವ, ಎಂದಳು, ಆಮೇಲೆ ಮೆಲ್ಲಗೆ, ಅವ್ವ ಇಲ್ಲ ಅಂತಲ್ಲ. ಅದು ತಪ್ಪು ಓದುತ್ತದೆ ಚಿಕ್ಕಬೋರಮ್ಮ, ಕೈಬರಹ ಅದಕ್ಕೆ — ಅಷ್ಟು ಅಂದಿದ್ದೆ, ಮುಂದಿನ ಮಾತೂ ಸಿದ್ಧವಾಗಿತ್ತು, ಬಾವು ಬಾವಿಯಾದ ಮೇಲೆ ಉಳಿದದ್ದನ್ನು ಯಾರು ನಂಬುತ್ತಾರೆ, ಅವಳು ನನ್ನನ್ನೇ ನಂಬುತ್ತಾಳೆ, ಯಂತ್ರಕ್ಕಿಂತ ನನ್ನನ್ನು ನಂಬಲು ಕಾದೇ ಕೂತಿದ್ದಾಳೆ, ಒಂದು ವಾಕ್ಯ ಸಾಕು, ಮನೆಗೆ ಹೋಗುತ್ತಾಳೆ, ಕಾಗದ ಕವರಿಗೆ ಸೇರುತ್ತದೆ, ಇನ್ನೆಂದೂ ಯಾರೂ ಕೇಳುವುದಿಲ್ಲ — ಕುರ್ಚಿ ಬಿಟ್ಟು ಕೆಳಗಿಳಿದು ಅವಳ ಪಕ್ಕ ನೆಲದ ಮೇಲೆ ಕೂತೆ. ಅದು ಬಾವಿಯಲ್ಲ ಚಿಕ್ಕಬೋರಮ್ಮ, ಬಾವು, ಕೈ ಬಾತಿತ್ತಲ್ಲ ರಂಜಿತಾಗೆ, ಅದು. ಅವತ್ತು ನಾನು ನಿಮಗೆ ಸುಳ್ಳು ಓದಿದೆ. ಈಗ ಇದ್ದ ಹಾಗೆ ಓದುತ್ತೇನೆ.

ಓದಿದೆ, ನನ್ನ ದನಿಯಲ್ಲಿ, ಗಂಟಲು ಎರಡು ಕಡೆ ಕಟ್ಟಿತು, ಆದರೂ ಒಂದು ಸಾಲೂ ಬಿಡಲಿಲ್ಲ, ಸವೆದುಹೋದ ಸಾಲುಗಳನ್ನು ನೆನಪಿನಿಂದಲೇ ಹೇಳಿದೆ, ಅವು ನನಗೆ ಬಾಯಿಪಾಠವಾಗಿದ್ದವು. ಸೆರಗಿನ ಮಾತು ಬಂದಾಗ ಅವಳು ತನ್ನ ಸೆರಗನ್ನು ನೋಡಿಕೊಂಡಳು. ಮುಗಿಯಿತು. ಬೈಯಲಿ, ಹೊಡೆಯಲಿ, ಕೂಗಿ ಊರು ಸೇರಿಸಲಿ ಎಂದು ಕಾದೆ, ಅವಳು ಬೀರುವಿನ ಗಾಜು ನೋಡುತ್ತಾ ಯಾಕವ್ವ ಅಂದಳು, ಅಷ್ಟೇ. ನೀವು ತಡೆದುಕೊಳ್ಳುವುದಿಲ್ಲ ಎಂದುಕೊಂಡೆ, ಯಜಮಾನರು ಹೋಗಿ ಇಪ್ಪತ್ತೇ ದಿನ, ನಿಮ್ಮನ್ನು ಅಳಿಸಬಾರದು ಅಂತ. ಅಳ್ತಿದ್ದೆ ಕಣವ್ವ, ಎಂದಳು, ಆಗ ನಂಗೆ ಅಳಾಕೆ ಬತ್ತಿತ್ತು, ಅತ್ಕಂಡು ಅತ್ಕಂಡೇ ಓಗಿ ಕರ್ಕಂಡ್ ಬತ್ತಿದ್ದೆ. ಕ್ಷಮಿಸಿ ಎಂಬ ಮಾತು ನನ್ನ ಬಾಯಲ್ಲಿ ಎಷ್ಟು ಸಣ್ಣದಾಗಿತ್ತೆಂದರೆ ಅದನ್ನು ಹೊರಗೆ ತರಲು ನಾಚಿಕೆಯಾಯಿತು, ಕಾಲು ಮುಟ್ಟಲು ಹೋದೆ, ಬ್ಯಾಡ ಎಂದು ಕಾಲು ಹಿಂದಕ್ಕೆಳೆದುಕೊಂಡಳು, ಅದು ಕೋಪವೋ ಕರುಣೆಯೋ ಮುಖ ನೋಡಿ ಹೇಳಲಾರದೆ ಹೋದೆ. ಗೋಡೆ ಹಿಡಿದು ಎದ್ದಳು. ನಾಗ್‌ಮಂಗ್ಲದ್ ಬಸ್ಸು ಎಷ್ಟೊತ್ಗೆ. ಹನ್ನೆರಡೂವರೆಗೆ ಪಾಂಡವಪುರಕ್ಕಿದೆ, ಅಲ್ಲಿಳಿದರೆ ನಾಗಮಂಗಲದ್ದು ಸಿಗುತ್ತದೆ, ನಾನೂ ಬರುತ್ತೇನೆ, ಬೀಗ ಹಾಕಿ ಬರುತ್ತೇನೆ, ರಂಜಿತಾಗೆ ನಾನೇ ಹೇಳುತ್ತೇನೆ ತಪ್ಪು ನನ್ನದೆಂದು. ನೀ ಬರ್ಬ್ಯಾಡ, ಎಂದಳು, ಬಸ್ಸು ಅತ್ತಿಸ್ದೋಳು ನಾನಲ್ವಾ, ಅದು ನೀ ಕಟ್ಟಿ ಯೋಳಿದ್ದಲ್ವಲ್ಲ. ಹೊರಗೆ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ದೇವಯ್ಯನವರನ್ನು ಕರೆದು ಸಂಜೆ ಹಸುವಿನ ಹಾಲು ಕರೆಸಿ ಡೈರಿಗೆ ಹಾಕಿಸಿ ಎಂದಳು, ಎಲ್ಲಿಗೆ ಎಂದು ಅವರು ಕೇಳಿದರು, ಮಗಳ್ತಾವಕೆ ಎಂದಳು, ಒಂಬತ್ತು ವರ್ಷದಲ್ಲಿ ಆ ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

ಬಾಗಿಲವರೆಗೆ ಹೋದವಳು ತಿರುಗಿ ಬಂದಳು, ಹಾಳೆಯನ್ನು ನನ್ನ ಮುಂದೆ ಹಿಡಿದಳು, ಕೊನೇಲಿ ಐತಲ್ಲ, ಇಲ್ಲ ಅನ್ನೋದು, ಅದು ಯಾವ್ದು ತೋರ್ಸು. ಕೊನೆಯ ಸಾಲು, ನನಗೆ ಅವ್ವ ಇಲ್ಲ, ಕಟ್ಟಕಡೆಯ ಎರಡಕ್ಷರ, ಬೆರಳಿಟ್ಟು ತೋರಿಸಿದೆ, ನನ್ನ ಬೆರಳು ತೆಗೆದ ಜಾಗಕ್ಕೆ ಅವಳು ತನ್ನ ಹೆಬ್ಬೆರಳು ಇಟ್ಟಳು, ಕಬ್ಬಿನ ಸೋಗೆ ಸೀಳಿ ಸೀಳಿ ಒರಟಾದ ಹೆಬ್ಬೆರಳು, ಉಗುರಿನ ಒಂದು ಬದಿ ಕಪ್ಪು, ಅಕ್ಷರ ಪೂರ್ತಿ ಮುಚ್ಚುವಂತೆ ಒತ್ತಿಟ್ಟಳು. ಕವರಿನೊಳಗೆ ಹಾಕಲಿಲ್ಲ, ಮಡಚಲಿಲ್ಲ. ಚಪ್ಪಲಿ ಮೆಟ್ಟಿದಳು, ಬೆರಳು ಅಲ್ಲೇ, ಬಸ್ಸು ಬಂತು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಹತ್ತಿದಳು, ಕಿಟಕಿಯ ಪಕ್ಕ ಕೂತಳು, ಕಂಡಕ್ಟರು ಏನೋ ಕೇಳಿದ, ಅವಳು ಅವನತ್ತ ತಿರುಗಿ ಉತ್ತರ ಕೊಟ್ಟಳು, ಬೆರಳು ಅಲ್ಲೇ, ನಾನು ಕೆಳಗೆ ನಿಂತು ನೋಡುತ್ತಿದ್ದೆ, ನನ್ನ ಕಡೆ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಬಸ್ಸು ಹೋಗಿ ಎಷ್ಟು ಹೊತ್ತಾಯಿತು, ಮೇಜಿನ ಮೇಲೆ ಆ ಪರದೆ ತಾನಾಗಿ ಆರಿದೆ, ದೇವಯ್ಯನವರು ಏನೋ ಕೇಳುತ್ತಿದ್ದಾರೆ, ಪೇಪರು ಓದಿಸವ್ವ ಅನ್ನುತ್ತಿರಬಹುದು, ಈಗ ಪಾಂಡವಪುರ ಬಂದಿರಬೇಕು, ಇಳಿದಿರಬೇಕು, ಆ ಬಸ್ಸು ಯಾವುದೆಂದು ಯಾರನ್ನೋ ಕೇಳಿರಬೇಕು, ಹಾಸ್ಟೆಲಿನ ಹಿಂದಿನ ಬೀದಿ, ಬಾಗಿಲು ತಟ್ಟಲು ಒಂದು ಕೈ ಸಾಕು, ಆ ಹುಡುಗಿ ತೆರೆದರೆ, ತೆರೆಯದಿದ್ದರೆ, ತೆರೆದರೆ — ಆ ಬೆರಳು, ಅದರ ಎಡಕ್ಕೆ ನನಗೆ ಅವ್ವ ಎಂಬಷ್ಟೇ ಕಾಣುತ್ತಿತ್ತು, ಉಗುರಿನ ಒಂದು ಬದಿ ಕಪ್ಪು, ಒತ್ತಿ ಒತ್ತಿ ಬೆಳ್ಳಗಾದ ತುದಿ, ಆ ಬೆರಳು, ಎತ್ತಲಿಲ್ಲ, ಆ ಬೆರಳು